ತಿನ್ನಬಾರದ ಸಿಹಿಗುಂಬಳ

ನಮ್ಮ ಬೀದಿಯ ಕೊನೇ ಮನೆಯವರನ್ನು ಎಲ್ಲರೂ ಸೊಳ್ಳೆ ಮೇಷ್ಟ್ರು ಎನ್ನುತ್ತಾರೆ. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಇಪ್ಪತ್ತಾರು ವರ್ಷ ಬೆನ್ನಿಗೆ ಪಂಪು ಕಟ್ಟಿಕೊಂಡು ಮನೆಮನೆಯ ಗೋಡೆಗೆ ಡಿಡಿಟಿ ಹೊಡೆದವರು. ಹೊಡೆಯುವ ಮುಂಚೆ ಹೆಂಗಸರನ್ನು ನಿಲ್ಲಿಸಿಕೊಂಡು, "ಪಾತ್ರೆ ಮುಚ್ಚಿ, ಮಗುವನ್ನು ಹೊರಗೆ ಕರೆದುಕೊಂಡು ಹೋಗಿ, ಎಲ್ಲೂ ನೀರು ನಿಲ್ಲಲು ಬಿಡಬೇಡಿ" ಎಂದು ಕಾಲು ಗಂಟೆ ಉಪದೇಶ ಮಾಡುತ್ತಿದ್ದರಿಂದ ಆ ಹೆಸರು ಅಂಟಿತು. ಅದು ಚಳಿಜ್ವರಕ್ಕೆ ಮಕ್ಕಳು ಹೋಗಿಬಿಡುತ್ತಿದ್ದ ಕಾಲ. ಅವರ ಪಂಪಿನ ಸದ್ದು ಕೇಳಿದರೆ ನನ್ನ ತಾಯಿ, "ದೇವರು ಕಳಿಸಿದ" ಎನ್ನುತ್ತಾ ಬಾಗಿಲು ತೆರೆಯುತ್ತಿದ್ದರು.

ಸಂಜೆ ಪಂಪು, ಬಕೆಟ್ಟು ತೊಳೆಯಬೇಕಲ್ಲ. ಜೊತೆಯವರು ಕಾಲುವೆಗೆ ಇಳಿದು ಜಾಲಿಸಿಬಿಡುತ್ತಿದ್ದರು. ಮೇಷ್ಟ್ರಿಗೆ ಮನಸ್ಸು ಒಪ್ಪಲಿಲ್ಲ. ನಾಲ್ಕು ಜನ ಕುಡಿಯುವ ನೀರು, ಮೀನು ಬದುಕುವ ನೀರು. ಅವರು ಎಲ್ಲವನ್ನೂ ಸೈಕಲ್ಲಿಗೆ ಕಟ್ಟಿಕೊಂಡು ಮನೆಗೆ ತಂದು, ತಮ್ಮ ಹಿತ್ತಲಿನ ಮೂಲೆಯ ಕಲ್ಲಿನ ಮೇಲೆ ತೊಳೆದರು. ಒಂದು ದಿನವಲ್ಲ, ಇಪ್ಪತ್ತಾರು ವರ್ಷ. ಬಿಳಿ ನೀರು ಮಣ್ಣಿಗೆ ಇಳಿಯಿತು, ಕಣ್ಣಿಗೆ ಕಾಣದಾಯಿತು. ಹೋಯಿತು ಎಂದುಕೊಂಡರು.

ಕೆಲಸದಿಂದ ನಿವೃತ್ತರಾದ ಮೇಲೆ ಅದೇ ಮೂಲೆಯಲ್ಲಿ ಸಿಹಿಗುಂಬಳದ ಬೀಜ ಊರಿದರು. ಬಳ್ಳಿ ಗೋಡೆ ಹತ್ತಿ, ಬಚ್ಚಲುಮನೆಯ ತಗಡು ಹತ್ತಿ, ಕಾಯಿ ಬಿಟ್ಟದ್ದೇ ಬಿಟ್ಟದ್ದು. ಬೀದಿಯಲ್ಲಿ ಅವರ ಕುಂಬಳ ತಿನ್ನದ ಮನೆ ಇರಲಿಲ್ಲ. ಎರಡು ಬೀದಿ ಆಚೆ ಇರುವ ಅವರ ಮಗಳಂತೂ ಬಸುರಿಯಾಗಿದ್ದಾಗ ಬಾಯಿಗೆ ಬೇರೇನೂ ಸೇರದೆ ಅದನ್ನೇ ಬೇಯಿಸಿಕೊಂಡು ತಿಂದಳು. ಮೊಮ್ಮಗಳು ಹುಟ್ಟಿದಾಗ ಮೇಷ್ಟ್ರು ಒಂದು ಎಳೆಕಾಯಿ ಆರಿಸಿ, ಮಗಳು ಶಾಲೆಗೆ ಹೋಗುವಾಗ ಕಟ್ಟಿಕೊಳ್ಳುತ್ತಿದ್ದ ಹಳೇ ಕೆಂಪು ರಿಬ್ಬನ್ನನ್ನು ಅದರ ತೊಟ್ಟಿಗೆ ಕಟ್ಟಿದರು. ಮಗುವಿಗೆ ಆರು ತಿಂಗಳು ತುಂಬಿದ ದಿನ ಇದರ ಮೊದಲ ತುತ್ತನ್ನು ತಾವೇ ತಿನ್ನಿಸಬೇಕು ಎನ್ನುವುದು ಅವರ ಆಸೆ.

"ಮೊಮ್ಮಗಳಿಗಿಂತ ಹೆಚ್ಚು ಹೊತ್ತು ಆ ಕಾಯಿನೇ ನೋಡ್ತೀರಲ್ರೀ," ಎಂದು ಅವರ ಹೆಂಡತಿ ಚುಚ್ಚುತ್ತಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತೇನೆ.

"ಎರಡೂ ಒಟ್ಟಿಗೆ ದುಂಡಗಾಗ್ತಿವೆ ಕಣೆ. ಒಂದನ್ನ ನೋಡಿದ್ರೆ ಇನ್ನೊಂದನ್ನ ನೋಡಿದ ಹಾಗೆ."

ಮಗುವಿಗೆ ನಾಲ್ಕು ತಿಂಗಳಾಗಿದ್ದಾಗ ಪ್ರಯೋಗಾಲಯದ ಹುಡುಗಿಯೊಬ್ಬಳು ಬಂದಳು. ಹಿಂದೆ ಔಷಧಿ ಹೊಡೆಯುತ್ತಿದ್ದವರ ಮನೆಗಳ ಮಣ್ಣು ಪರೀಕ್ಷೆ ಮಾಡುವುದು ಅವಳ ಕೆಲಸ. ಕಲ್ಲಿನ ಹತ್ತಿರದ ಮಣ್ಣು, ಕುಂಬಳದ ಎಲೆ, ಕಾಂಡ, ಒಂದು ಕಾಯಿ, ಪಕ್ಕದಲ್ಲೇ ಇದ್ದ ಹುರುಳಿಕಾಯಿ, ಎಲ್ಲವನ್ನೂ ಬೇರೆಬೇರೆ ಚೀಲಕ್ಕೆ ತುಂಬಿಕೊಂಡಳು.

"ನನ್ನ ಮಣ್ಣಿಗೆ ಎಷ್ಟು ಮಾರ್ಕ್ಸ್ ಕೊಡ್ತೀಯಮ್ಮ?" ಎಂದರು ಮೇಷ್ಟ್ರು, ಮೀಸೆ ತಿರುವಿ.

ಅವಳು ತಿಂಗಳ ಮೇಲೆ ಮತ್ತೆ ಬಂದಾಗ ನಾನೂ ಅಲ್ಲಿದ್ದೆ. ಕೊಟ್ಟ ಚಹಾ ಮುಟ್ಟದೆ ಕೂತಿದ್ದಳು. ನಾನು ಹೆಚ್ಚು ಓದಿದವಳಲ್ಲ, ಕಿವಿಗೊಟ್ಟು ಕೇಳಿದ್ದನ್ನು ಬರೆಯುತ್ತಿದ್ದೇನೆ.

"ತಾತ, ನೀವು ತೊಳೆದದ್ದು ಎಲ್ಲೂ ಹೋಗಿಲ್ಲ. ಅಲ್ಲೇ ಇದೆ."

"ಎಷ್ಟು ಮಳೆ ಬಂದು ಹೋಗಿದೆಯಲ್ಲಮ್ಮ!"

"ಅದು ನೀರಿಗೆ ಕರಗೋದಲ್ಲ ತಾತ. ಜಿಡ್ಡಿನ ಹಾಗೆ ಮಣ್ಣಿನ ಕಣಕ್ಕೆ ಅಂಟಿ ಕೂತುಬಿಡುತ್ತೆ. ಹೆಚ್ಚಿನ ಗಿಡದ ಬೇರು ಅದನ್ನ ಒಳಗೆ ಸೇರಿಸಲ್ಲ. ನಿಮ್ಮ ಹುರುಳಿಕಾಯಲ್ಲಿ ಇಲ್ಲ ಅಂತಲೇ ಅನ್ನಬಹುದು. ಕುಂಬಳದ ಬೇರು ಮಾತ್ರ ಬೇರೆ ಥರ. ಅಂಟಿದ್ದನ್ನ ಬಿಡಿಸಿ, ಕಾಂಡಕ್ಕೆ, ಎಲೆಗೆ ಎಳ್ಕೊಂಡುಬಿಡುತ್ತೆ. ಕಾಯಲ್ಲಿ ಕಡಿಮೆ. ಆದ್ರೂ ತಿನ್ನಬಾರದಷ್ಟಿದೆ."

"ತಿಂದವರಿಗೆ?"

"ಮೈಯ ಕೊಬ್ಬಲ್ಲಿ ಸೇರಿ ಬಹಳ ಕಾಲ ಉಳಿಯುತ್ತೆ. ತಾಯಿ ಹಾಲಲ್ಲೂ ಸ್ವಲ್ಪ ಇಳಿಯುತ್ತೆ. ಡಾಕ್ಟರನ್ನ ಕೇಳಿಕೊಂಡೇ ಬಂದಿದೀನಿ. ಹಾಲು ನಿಲ್ಲಿಸಲೇಬಾರದು, ಅದರ ಒಳ್ಳೇದೇ ದೊಡ್ಡದು. ಕುಂಬಳ ನಿಲ್ಲಿಸಿ."

ಮೇಷ್ಟ್ರ ಮುಖ ಇಷ್ಟೇ ಇಷ್ಟಾಯಿತು. "ಕಾಲುವೆಗೆ ಬೇಡ ಅಂತ ಮನೆಗೆ ತಂದೆನಲ್ಲಮ್ಮ," ಎಂದರು. ಮತ್ತೆ ಅದನ್ನೇ ಎಂದರು.

ಎದ್ದು ಕುಡುಗೋಲು ಹಿಡಿದು ಹಿತ್ತಲಿಗೆ ಹೊರಟವರನ್ನು ಹುಡುಗಿಯೇ ತಡೆದಳು. "ಬಳ್ಳಿ ಕೀಳಬೇಡಿ ತಾತ. ಮಣ್ಣಿಂದ ಅದನ್ನ ಹೊರಗೆ ತರೋದೂ ಇದೇ ಬಳ್ಳಿ. ವರ್ಷವರ್ಷ ಬೆಳೆಸಿ, ಬುಡಸಮೇತ ನಮಗೆ ಕೊಡಿ. ನಾವು ಸುರಕ್ಷಿತವಾಗಿ ಸುಡಿಸ್ತೀವಿ. ಒಂದೆರಡು ವರ್ಷಕ್ಕೆ ಮುಗಿಯೋ ಕೆಲಸವಲ್ಲ."

ಮರುದಿನ ಬೆಳಿಗ್ಗೆ ಮೇಷ್ಟ್ರು ತಳ್ಳುಗಾಡಿ ತಗೊಂಡು ಮನೆಮನೆಗೆ ಹೋದರು. ಹಿಂದೆ ಉಪದೇಶ ಮಾಡಿದ ಬಾಗಿಲುಗಳಲ್ಲೇ ನಿಂತು, "ನಾನು ಕೊಟ್ಟ ಕುಂಬಳ ಉಳಿದಿದ್ರೆ ವಾಪಸ್ ಕೊಡಿ, ವಿಷ ಇದೆ, ತಪ್ಪಾಯ್ತು" ಎಂದರು. ಯಾರೂ ಬೈಯಲಿಲ್ಲ. ಮೂಲೆ ಅಂಗಡಿಯ ಕ್ಷೌರಿಕ, "ಅದಕ್ಕೇ ಇರಬೇಕು ಮೇಷ್ಟ್ರೇ, ನನ್ನನ್ನ ಸೊಳ್ಳೆ ಮೂಸಿ ನೋಡಲ್ಲ!" ಎಂದು ನಗಿಸಲು ನೋಡಿದ. ಅವರು ನಗಲಿಲ್ಲ. ಒಂಬತ್ತು ಕಾಯಿ ವಾಪಸ್ಸು ಬಂದವು.

ಹೋಗದೆ ಉಳಿದದ್ದು ಮಗಳ ಮನೆಯೊಂದೇ. ಅಲ್ಲಿಗೆ ಅಕ್ಕನೇ ಹೋಗಿ ಹೇಳಿ ಬಂದರು. ಮಗಳು ಕೇಳಿಸಿಕೊಂಡು ಏನೂ ಮಾತಾಡಲಿಲ್ಲವಂತೆ, ಮಗುವನ್ನು ಎದೆಗೆ ಅವಚಿಕೊಂಡಳಂತೆ. ಅದನ್ನು ಕೇಳಿದ ಮೇಷ್ಟ್ರು ಆ ಬೀದಿಯ ಕಡೆ ತಲೆಯೇ ಹಾಕಲಿಲ್ಲ. ಬಳ್ಳಿಯಲ್ಲಿದ್ದ ಒಂದೊಂದು ಕಾಯಿಯ ಮೇಲೂ ಕಪ್ಪು ಬಣ್ಣದಲ್ಲಿ 'ತಿನ್ನಬೇಡಿ' ಎಂದು ಬರೆದರು. ರಿಬ್ಬನ್ ಕಟ್ಟಿದ ಕಾಯಿಯ ಮೇಲೆ ಬರೆಯಲು ಬಹಳ ಹೊತ್ತು ಹಿಡಿಯಿತು. ನಾನು ದೇವರ ಮುಂದೆ ಕೂತಾಗ ಆ ದಿನಗಳಲ್ಲಿ ಅಪ್ಪ ಮಗಳು ಒಂದಾಗಲಿ ಎನ್ನುವುದು ಬಿಟ್ಟು ಬೇರೇನೂ ಕೇಳಲಿಲ್ಲ.

ಆರು ತಿಂಗಳು ತುಂಬಿದ ದಿನ ಅಕ್ಕನ ಜೊತೆ ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದೆ. ಮಗಳು ಬಂದಳು. ಕಂಕುಳಲ್ಲಿ ಮಗು, ಕೈಯಲ್ಲಿ ಸಣ್ಣ ಸ್ಟೀಲ್ ಡಬ್ಬಿ. ಬಳ್ಳಿಯ ಹತ್ತಿರವಿದ್ದ ಮೇಷ್ಟ್ರು ನೋಡಿದವರೇ ಬಚ್ಚಲುಮನೆಗೆ ನುಸುಳಲು ಹೊರಟರು.

"ಎಲ್ಲಿಗಪ್ಪ? ನಿನ್ನ ಮೊಮ್ಮಗಳಿಗೆ ಹಸಿವಾಗಿದೆ. ಕ್ಯಾರೆಟ್ ಬೇಯಿಸಿ ಕಿವುಚಿ ತಂದಿದೀನಿ."

"ನೀನೇ ತಿನ್ನಿಸಮ್ಮ. ನನ್ನ ಕೈ ಬೇಡ."

"ನಿನ್ನ ಕೈಗೇನಾಗಿದೆ? ನಾನು ಚಿಕ್ಕೋಳಿದ್ದಾಗ ನೀನು ಕೆಲಸದಿಂದ ಬಂದು, ಮೊಣಕೈವರೆಗೂ ಮೂರು ಸಲ ಸೋಪು ಹಚ್ಚಿ ತೊಳೆಯೋತನಕ ನನ್ನ ಎತ್ಕೊತಿರಲಿಲ್ಲ. ನಾನು ಅತ್ತು ಬೀದಿ ಒಂದು ಮಾಡ್ತಿದ್ದೆ. ಅಷ್ಟು ಕಾದೋಳಿಗೆ ನಿನ್ನ ಕೈ ಎಂಥದ್ದು ಅಂತ ಗೊತ್ತಿಲ್ವಾ? ಅಮ್ಮ ಬಂದು ಹೇಳಿದಾಗ ಹೆದರಿಕೆ ಆಯ್ತು, ಸುಮ್ಮನಾದೆ. ನೀನು ಬರ್ತೀಯ ಅಂತ ದಿನಾ ಕಾದೆ. ಹೋಗು, ಕೈ ತೊಳ್ಕೊಂಡು ಬಾ."

ಅವರು ಅಡುಗೆಮನೆಯ ನಲ್ಲಿಗೆ ಹೋದರು. ಒಂದು ಸಲ ತೊಳೆದರು, ಎರಡು ಸಲ, ಮೂರು ಸಲ. ಆಮೇಲೆ ಬಂದು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಮೊದಲ ತುತ್ತನ್ನು ಅದು ಅವರ ಅಂಗಿಯ ಮೇಲೆ ಉಗಿಯಿತು.

"ನಿಮ್ಮ ಪಾಠ ಇವಳಿಗೂ ಬೇಡವಂತೆ," ಎಂದರು ಅಕ್ಕ, ಕಣ್ಣೊರೆಸಿಕೊಳ್ಳುತ್ತಾ.

ಎರಡನೆಯದನ್ನು ನುಂಗಿತು.

ಇದಾಗಿ ಐದು ವರ್ಷ. ಮೂಲೆಯಲ್ಲಿ ಈಗಲೂ ಪ್ರತಿವರ್ಷ ಕುಂಬಳದ ಬಳ್ಳಿ ಏಳುತ್ತದೆ. ಆ ಹುಡುಗಿ ಬಂದು ಮೂಟೆ ಒಯ್ಯುತ್ತಾಳೆ, ಮಣ್ಣಿನ ಲೆಕ್ಕ ಸ್ವಲ್ಪ ಇಳಿದಿದೆ ಎನ್ನುತ್ತಾಳೆ. ಮೊಮ್ಮಗಳು ಮೊದಲು ಓದಲು ಕಲಿತ ಪದವೇ 'ತಿನ್ನಬೇಡಿ'. ಮೊನ್ನೆ ಅವಳು ಬಳ್ಳಿಯ ಸುತ್ತ ಹಾಕಿದ ಬೇಲಿಯ ಈಚೆ ನಿಂತು ಕೇಳುತ್ತಿದ್ದಳು:

"ತಾತ, ಕುಂಬಳ ಎಲ್ಲ ವಿಷ ತಿಂದು ಮುಗಿಸ್ತಾ?"

"ಇನ್ನೂ ಇಲ್ಲ ಕಂದ. ನಿನ್ನ ಥರಾನೇ, ಊಟಕ್ಕೆ ಬಹಳ ಹೊತ್ತು ಮಾಡುತ್ತೆ."