ಉಪ್ಪು ಮರೆತ ಕೈ

ನಾಲ್ಕು ವರ್ಷದ ಹಿಂದಿನ ಮಾತು. ಅವತ್ತು ಆಡಿ ತಿಂಗಳ ಹದಿನೆಂಟನೇ ದಿನ. ತಮಿಳರು ಆ ದಿನ ಹೊಳೆಗೆ ಪೂಜೆ ಮಾಡಿ, ಬಗೆಬಗೆಯ ಕಲಸನ್ನ ಎಡೆಯಿಟ್ಟು, ದಡದಲ್ಲೇ ಕೂತು ಉಣ್ಣುತ್ತಾರೆ. ನಾನು ಮಂಡ್ಯ ಕಡೆಯವಳು. ನಮ್ಮವರ ರೈಲ್ವೆ ಕೆಲಸಕ್ಕೆಂದು ಚೆನ್ನೈಗೆ ಬಂದು, ಮಣಲಿಯಾಚೆ ಹೊಳೆ ಪಕ್ಕ ಮನೆ ಕಟ್ಟಿಕೊಂಡು ಇಪ್ಪತ್ತು ವರ್ಷ ದಾಟಿದೆ. ಮಗಳನ್ನು ಕನ್ನಡದಲ್ಲಿ ಬೈದರೆ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಹಾಗಾಗಿ ಇಲ್ಲಿನ ಹಬ್ಬವೂ ನಮ್ಮದೇ.

ಮನೆ ಕಟ್ಟಿದ ಹೊಸದರಲ್ಲಿ ನಮ್ಮ ಬಾವಿ ನೀರು ಎಳನೀರಿನ ಹಾಗಿತ್ತು. ಆಮೇಲೆ ಹೊಳೆಗೆ ಮರಳಿನ ಲಾರಿಗಳು ಇಳಿಯತೊಡಗಿದವು. ಮರಳು ಖಾಲಿಯಾಗುತ್ತಾ ಬಂದ ಹಾಗೆ ಸಮುದ್ರದ ನೀರು ನೆಲದೊಳಗೆ ನುಗ್ಗಿ, ಬೀದಿಯ ಬಾವಿಗಳೆಲ್ಲ ಒಂದೊಂದಾಗಿ ಉಪ್ಪಾದವು. ಕುಡಿಯೋದಕ್ಕೆ ಕ್ಯಾನ್ ನೀರು ತರಿಸುತ್ತಿದ್ದೆವು, ಅಡುಗೆ ಮಾತ್ರ ಬಾವಿ ನೀರಲ್ಲೇ. ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟು ಕೊಟ್ಟು ಚಪ್ಪಲಿ ಸವೆಯಿತು. ಅಲ್ಲಿ ಯಾರಮ್ಮಾ ಮರಳು ತೆಗೀತಾರೆ, ಸಾಕ್ಷಿ ಎಲ್ಲಿದೆ ಅಂತ ನಮ್ಮನ್ನೇ ಕೇಳೋರು. ನನಗೋ ಕೋಪ ಮೂಗಿನ ತುದಿಯಲ್ಲೇ. ಎರಡು ಸಲ ಜಗಳ ಆಡಿ ಬಂದೆ, ಏನೂ ಆಗಲಿಲ್ಲ.

ಎದುರು ಮನೆಯಲ್ಲಿ ಹೊಲಿಗೆ ಹಾಕುವ ಸೆಲ್ವಿ ಒಂದು ಉಪಾಯ ಹೇಳಿದಳು. ಈ ಸಲದ ಪೂಜೆ ಲಾರಿ ಇಳಿಯುವ ದಾರಿಯಲ್ಲೇ ಆಗಲಿ, ಪೂಜೆಗೆ ಕೂತ ಹೆಂಗಸರ ಮೇಲೆ ಯಾರು ಲಾರಿ ಹತ್ತಿಸ್ತಾರೋ ನೋಡೋಣ ಅಂದಳು. ಅವಳ ಷರತ್ತು ಎರಡು. ಹೊಳೆತಾಯಿಗೆ ಕೆಟ್ಟ ನೀರಿನ ಎಡೆ ಬೇಡ, ಕ್ಯಾನ್ ನೀರಲ್ಲೇ ಅಡುಗೆ ಮಾಡಬೇಕು. ಲಾರಿಯವರ ಜೊತೆ ಒಬ್ಬರೂ ಮಾತಾಡಕೂಡದು. ಇದನ್ನು ಹೇಳುವಾಗ ನನ್ನ ಕಡೆಗೇ ನೋಡಿದಳು.

ಬೆಳಿಗ್ಗೆ ಐದು ಮನೆಯ ಹೆಂಗಸರು ದಾರಿಗೆ ಅಡ್ಡ ಚಾಪೆ ಹಾಸಿ ಕೂತೆವು. ಅರಿಶಿನ ಕುಂಕುಮ ಏರಿಸಿ, ಎಡೆಯಿಟ್ಟು, ಆರತಿ ಎತ್ತಿ, ಇನ್ನೇನು ಬಾಳೆಲೆಗೆ ಬಡಿಸಬೇಕು, ಅಷ್ಟರಲ್ಲಿ ಒಂದು ಖಾಲಿ ಲಾರಿ ಬಂತು. ಡ್ರೈವರ್ ಹಾರನ್ ಹೊಡೆದ, ನಾವು ಏಳಲಿಲ್ಲ. ಇಳಿದು ಬಂದ. ಮೂವತ್ತು ಮೂವತ್ತೈದರ ಆಳು, ಕಣ್ಣು ಕೆಂಪಗಿತ್ತು. ಮುರುಗೇಶನ್ ಅವನ ಹೆಸರು, ನಮಗೆ ಆಮೇಲೆ ಗೊತ್ತಾಯಿತು. ಓನರ್ ನನ್ನನ್ನ ಬೈತಾರೆ, ದಾರಿ ಬಿಡಿ ಅಂತ ಗೋಗರೆದ. ಎಲ್ಲರೂ ತುಟಿ ಬಿಗಿದುಕೊಂಡಿದ್ದರು.

ನಾನೂ ಸುಮ್ಮನಿದ್ದೆ, ಆಣೆಗೂ. ಆದರೆ ಎಲೆ ಮುಂದೆ ಒಬ್ಬ ಮನುಷ್ಯ ನಿಂತುಕೊಂಡಿದ್ದರೆ ಏನು ಮಾಡೋದು? ನಮ್ಮಮ್ಮ ಕಲಿಸಿದ ಅಭ್ಯಾಸ, ಬಾಯಿ ತಾನಾಗೇ ಆಡಿಬಿಟ್ಟಿತು.

"ಊಟ ಆಯ್ತೇನಪ್ಪ?"

ಸೆಲ್ವಿ ನನ್ನ ತೊಡೆ ಚಿವುಟಿದಳು. ಅವನು ತಬ್ಬಿಬ್ಬಾಗಿ, ನಿನ್ನೆ ಸಂಜೆ ತಿಂದಿದ್ದು ಅಂದ. ಇನ್ನು ಯಾವ ಷರತ್ತು? ಎಲೆ ಹಾಕಿ ಚಿತ್ರಾನ್ನ ಬಡಿಸಿದೆ. ಒಂದು ತುತ್ತು ಬಾಯಿಗಿಟ್ಟು ನನ್ನ ಮುಖ ನೋಡಿದ. "ಅಮ್ಮಾ, ಉಪ್ಪೇ ಇಲ್ಲ" ಅಂದ ಮೆಲ್ಲಗೆ.

ನನಗೆ ನಾಚಿಕೆಯಾಗಿ ಹೋಯಿತು. ಎಡೆಯ ಅಡುಗೆಯನ್ನು ರುಚಿ ನೋಡೋ ಹಾಗಿಲ್ಲ, ಹಾಗಾಗಿ ಗೊತ್ತೇ ಆಗಿರಲಿಲ್ಲ. ಸೆಲ್ವಿ ಒಳ್ಳೇ ಅವಕಾಶ ಸಿಕ್ಕಿತಲ್ಲ ಅಂತ ನನ್ನನ್ನು ಹಂಗಿಸುತ್ತಾ ತನ್ನ ತೆಂಗಿನಕಾಯಿ ಅನ್ನ ಬಡಿಸಿದಳು. ಅದೂ ಸಪ್ಪೆ. ಪಕ್ಕದವಳ ಮೊಸರನ್ನ ಸಪ್ಪೆ. ಐದು ಮನೆಯ ಡಬ್ಬಿ ತೆರೆದೆವು, ಒಂದರಲ್ಲೂ ಉಪ್ಪಿಲ್ಲ. ನಾವು ಬಿದ್ದು ಬಿದ್ದು ನಕ್ಕೆವು. ಅವನೂ ನಕ್ಕ. ಅದು ಹೇಗಮ್ಮಾ ಐದು ಜನವೂ ಒಟ್ಟಿಗೆ ಮರೆತಿರಿ ಅಂತ ಕೇಳಿದ.

ಸೆಲ್ವಿಯ ನಗು ನಿಂತುಹೋಯಿತು.

"ಬಾವಿ ನೀರೇ ಉಪ್ಪಲ್ಲವೇನಪ್ಪ. ಎರಡು ವರ್ಷದಿಂದ ನಮ್ಮ ಮನೆಗಳಲ್ಲಿ ಅಡುಗೆಗೆ ಯಾರೂ ಉಪ್ಪು ಹಾಕಿಲ್ಲ. ಒಳ್ಳೆ ನೀರು ಸಿಕ್ಕಿದ ದಿನ ಕೈಗೆ ನೆನಪೇ ಬರಲಿಲ್ಲ."

ಅವನು ತಲೆ ತಗ್ಗಿಸಿದ. ಮನೆಗೆ ಹೋಗಿ ಚೂರು ಉಪ್ಪು ತರುತ್ತೇನೆ ಅಂತ ನಾನು ಎದ್ದೆ. ಬೇಡಮ್ಮಾ ಅಂದ. ಆ ಸಪ್ಪೆ ಅನ್ನವನ್ನು ಒಂದು ಅಗುಳೂ ಬಿಡದೆ ಉಂಡ. ಎಲೆ ಎತ್ತಿಟ್ಟು, ಲಾರಿಯನ್ನು ಹಿಂದಕ್ಕೆ ತೆಗೆದುಕೊಂಡು ಹೊರಟುಹೋದ. ನಾನು ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮಾರನೇ ದಿನ ಬೇರೆ ಲಾರಿ ಬಂತು, ನಾವು ಮತ್ತೆ ಹೋಗಿ ಕೂತೆವು.

ಎರಡು ವಾರ ಕಳೆದ ಮೇಲೆ ತಾಲ್ಲೂಕು ಕಚೇರಿಯಲ್ಲಿ ವಿಚಾರಣೆಗೆ ಕರೆದರು. ಮತ್ತದೇ ಪ್ರಶ್ನೆ, ಸಾಕ್ಷಿ ಎಲ್ಲಿ ಅಂತ. ಬಾಗಿಲ ಹತ್ತಿರ ನಿಂತಿದ್ದ ಒಬ್ಬ ಮುಂದೆ ಬಂದ. ಮುರುಗೇಶನ್. "ಲಾರಿ ಓಡಿಸಿದ್ದು ನಾನೇ ಸಾರ್, ಪರ್ಮಿಟ್ ಇರಲಿಲ್ಲ" ಅಂದ. ಎಲ್ಲ ಬರೆದುಕೊಟ್ಟ. ಅವನ ಕೆಲಸ ಅವತ್ತೇ ಹೋಯಿತು. ಲಾರಿ ಇಳಿಯದ ಹಾಗೆ ಹೊಳೆದಾರಿಗೆ ಕಂದಕ ತೋಡಿಸಲು ಅಧಿಕಾರಿಗಳಿಗೆ ಇನ್ನೂ ಮೂರು ತಿಂಗಳು ಬೇಕಾಯಿತು, ಆದರೆ ತೋಡಿಸಿದರು. ಈಗ ಅವನು ಶೇರ್ ಆಟೋ ಓಡಿಸುತ್ತಾನೆ. ನಾವು ಹತ್ತಿದರೆ ದುಡ್ಡು ತಗೊಳ್ಳಲ್ಲ, ನಾನು ಬೈದು ಕೊಡುತ್ತೇನೆ.

ಮರಳು ಹೋದಷ್ಟು ಬೇಗ ವಾಪಸು ಬರುವುದಿಲ್ಲ. ಮೂರು ಮಳೆಗಾಲ ಕಾದೆವು. ಹೋದ ತಿಂಗಳು ಬಾವಿ ನೀರಲ್ಲೇ ಸಾರು ಮಾಡಿದ್ದೆ. ನಮ್ಮವರು ಒಂದು ತುತ್ತು ತಿಂದು, ಯಾಕೋ ಸಪ್ಪೆ ಕಣೇ, ಚೂರು ಉಪ್ಪು ಹಾಕು ಅಂದರು. ನನ್ನ ಅಡುಗೆಗೆ ಹೆಸರಿಟ್ಟರೆ ಸುಮ್ಮನೆ ಬಿಡುವವಳಲ್ಲ ನಾನು. ಅವತ್ತು ಮಾತ್ರ ಉಪ್ಪಿನ ಡಬ್ಬಿ ಹಿಡಿದುಕೊಂಡು ಒಲೆ ಮುಂದೆ ನಿಂತು ಅತ್ತುಬಿಟ್ಟೆ.

ಆಮೇಲೆ ಮುರುಗೇಶನ್‌ಗೆ ಫೋನ್ ಮಾಡಿದೆ. ನಾಳೆ ಹೆಂಡತಿಯನ್ನು ಕರಕೊಂಡು ಊಟಕ್ಕೆ ಬಾ, ಬಾವಿ ನೀರಿನ ಅಡುಗೆ, ಉಪ್ಪು ಹಾಕಿಯೇ ಮಾಡ್ತೀನಿ ಅಂದೆ.