ಆಣೆಗೆಂದು ತರಿಸಿದ ಕಾಯಿ

ಕುಡಿತ ಬಿಡಿಸುವ ಕೇಂದ್ರದಿಂದ ಅಣ್ಣ ಗಜೇಂದ್ರಗಡಕ್ಕೆ ಮರಳಿದ ದಿನವೇ ಅವ್ವ ಒಂದು ತೆಂಗಿನಕಾಯಿ ತರಿಸಿ ದೇವರ ಜಗಲಿಯ ಮೇಲಿಟ್ಟಳು. ಅದನ್ನು ಮುಟ್ಟಿ, ಇನ್ನು ಕುಡಿಯುವುದಿಲ್ಲವೆಂದು ಅವನು ಆಣೆ ಮಾಡಬೇಕಿತ್ತು. ಅವನು ಒಪ್ಪಲಿಲ್ಲ.

"ಆಣಿ ಒಲ್ಲೆ ಅಂದ್ರ ಕುಡಿಯೋ ಮನಸೈತಿ ಅಂದಂಗಾತು," ಎಂದು ಅವ್ವ ಮುಖ ತಿರುಗಿಸಿದಳು.

ಅವಳ ವಾದದಲ್ಲಿ ನನಗೆ ದೋಷ ಕಾಣಲಿಲ್ಲ. ನಾನು ಕಾಲೇಜಿನ ಚರ್ಚಾಕೂಟಗಳಲ್ಲಿ ಪಳಗಿದವನು. ಲಕ್ಕಲಕಟ್ಟಿಯಂಥ ಊರುಗಳಲ್ಲಿ ಪಾನನಿರೋಧದ ಸಭೆ ನಡೆಸಿ ಜನರಿಂದ ಪ್ರತಿಜ್ಞೆ ಮಾಡಿಸುತ್ತಿದ್ದವನು. ಆದರೂ ಅಣ್ಣನ ನಿರಾಕರಣೆ ನನ್ನ ಕುತೂಹಲ ಕೆರಳಿಸಿತು. ಕುಡಿಯಲು ಹವಣಿಸುವವನಿಗೆ ಸುಳ್ಳು ಆಣೆಯಲ್ಲವೇ ಸುಲಭದ ದಾರಿ? ಇವನೇಕೆ ಅದನ್ನು ಬಿಟ್ಟ?

ಮಗ್ಗದಲ್ಲಿ ಕುಳಿತಿದ್ದ ಅವನನ್ನೇ ಕೇಳಿದೆ.

"ಹೋದ ಸಲ ಮಾಡಿದ್ನಲ್ಲ," ಎಂದ, ಲಾಳಿ ನಿಲ್ಲಿಸದೆ. "ಒಂದಿನ ತಪ್ಪಿದೆ. ಹ್ಯಾಂಗೂ ಆಣಿ ಮುರೀತು, ಇನ್ನ ಯಾವ ಮಾರಿ ಹೊತ್ಕೊಂಡು ಮನಿಗೆ ಹೋಗ್ಲಿ ಅಂತ ಮರುದಿನಾನೂ ಕುಡದೆ. ಆಮ್ಯಾಲೆ ನಿಲ್ಲಲೇ ಇಲ್ಲ. ನನಗ ಶೆರೇಕಿಂತ ಆ ಕಾಯಿದ ಅಂಜಿಕಿ ಭಾಳ, ತಮ್ಮಾ."

"ಹಂಗಾರ ಏನ್ ಮಾಡೂನು?"

"ತಪ್ಪಿದ್ರೂ ಅವತ್ತ ಮನಿಗೆ ಬರ್ತೀನಿ. ಬಾಗಿಲಾ ತಗೀರಿ. ಇಷ್ಟ."

ಒಳಗಿನಿಂದ ಅವ್ವನ ದನಿ ಬಂತು: "ಬಾಗಿಲಾ ಅಷ್ಟ ಸಾಕೇನು? ಆರತಿ ಬ್ಯಾಡ?"

ಅಷ್ಟರಲ್ಲಿ ಹೊಳೆಆಲೂರಿನಲ್ಲಿ ಚಿಕ್ಕಪ್ಪನ ಮಗಳ ಕುಬಸ ಬಂತು. ಚೊಚ್ಚಲ ಬಸುರಿಗೆ ಉಡಿಸುವ ಹಸಿರು ಸೀರೆ ನೇಯ್ದವನು ಅಣ್ಣನೇ. ಒಯ್ದು ಕೊಡಬೇಕಾದವನೂ ಅವನೇ. ಅವನ ಜೊತೆ ಕುಡಿಯುತ್ತಿದ್ದ ಹಳೆಯ ಗೆಳೆಯರೆಲ್ಲ ಅದೇ ಊರಿನವರು. ಸೀರೆಯ ಗಂಟನ್ನು ಅವನು ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ. ಮೊಣಕಾಲು ನೋವಿನಿಂದ ಅವ್ವ ಹೊರಡುವಂತಿರಲಿಲ್ಲ. ನಾನು ಬರುವೆನೆಂದೆ.

"ನೀ ಕಾವಲಿಗೆ ಬರಬ್ಯಾಡ. ನಿನ್ನ ಕೂಡ ಹೋದ್ರ, ನಾ ಕುಡೀಲಿಲ್ಲೋ ನೀ ಬಿಡ್ಲಿಲ್ಲೋ, ನನಗ ಹ್ಯಾಂಗ ತಿಳೀಬೇಕು?"

ನಾನು ಉಳಿದೆ; ಗಂಟು ಹಿಡಿದು ಅವನೊಬ್ಬನೇ ಹೊರಟ. ತನ್ನ ಬಗ್ಗೆ ಅವನಿಗೂ ನನ್ನಷ್ಟೇ ಕುತೂಹಲವಿದೆಯೆಂದು ಆಗ ಹೊಳೆಯಿತು.

ಸಂಜೆ ದೀಪ ಹಚ್ಚುವ ಹೊತ್ತಾದರೂ ಅವನು ಬರಲಿಲ್ಲ. ಹೊಳೆಆಲೂರಿನಿಂದ ರೋಣದ ಮೇಲೆ ಬಂದ ಬಸ್ಸಿನಿಂದ ಇಳಿದವರು ನಮ್ಮ ಓಣಿ ದಾಟಿ ಹೋದರು. ಬಾಗಿಲು ಮಾತ್ರ ತೆರೆದೇ ಇತ್ತು. ಯಾಕೆಂದು ಕೇಳಿದರೆ ಅವ್ವ, "ಸೆಕಿ," ಎಂದಳು. ಹೊರಗೆ ತಣ್ಣಗೆ ಗಾಳಿ ಬೀಸುತ್ತಿತ್ತು.

ಮುಂದಿನ ಬಸ್ಸಿಗೆ ಅಣ್ಣ ಬಂದ. ಹಿಂದೆಲ್ಲ ಅವ್ವ ನೀರು ಕೊಡುವ ನೆಪದಲ್ಲಿ ಹತ್ತಿರ ಹೋಗಿ ಅವನ ಬಾಯಿಯ ವಾಸನೆ ನೋಡುತ್ತಿದ್ದಳು. ಅಂದು ಕುಳಿತಲ್ಲಿಂದ ಏಳಲಿಲ್ಲ. ಅವನೇ ಹೊಸ್ತಿಲಲ್ಲಿ ನಿಂತು ಹೇಳಿದ: "ಕುಡದಿಲ್ಲವ್ವಾ. ಗ್ಲಾಸ್ ಕೈಗೆ ಕೊಟ್ರು, ಕೆಳಗಿಟ್ಟೆ. ಆದ್ರ ಕುಡದಿದ್ರೂ ಬರ್ತಿದ್ದೆ. ಬಸ್ಸಿನ್ಯಾಗ ಅದು ಖರೇನ ಅನಿಸ್ತು."

"ನಿಂತು ಭಾಷಣ ಮಾಡಬ್ಯಾಡ. ಅದಕ್ಕ ನಿನ್ನ ತಮ್ಮ ಒಬ್ಬ ಸಾಕು. ಕೈಕಾಲ ತೊಳ್ಕೊ," ಎಂದಳು ಅವ್ವ.

ಮರುದಿನ ಜಗಲಿಯ ಮೇಲೆ ಕಾಯಿ ಇರಲಿಲ್ಲ. ಅವ್ವ ಅದನ್ನು ಒಡೆದು ಚಟ್ನಿ ಅರೆದಿದ್ದಳು. ಅಣ್ಣ ರೊಟ್ಟಿಗೆ ಎರಡು ಸಲ ಹಾಕಿಸಿಕೊಂಡ.