ಕಾಯಿ ತೂಗೋ ಕಾಟಾ

ಜರ್ಮನಿಗೆ ಹೊರಡೋಕೆ ಇನ್ನೆರಡೇ ದಿನ ಇತ್ತು. ವೀಸಾ, ಇನ್ಶೂರೆನ್ಸ್, ಬಾಡಿಗೆ ರೂಮು ಎಲ್ಲಾ ಆಗಿತ್ತು. ಉಳಿದಿದ್ದು ಸೂಟ್‌ಕೇಸಿನ ತೂಕ ಒಂದೇ. ಇಪ್ಪತ್ಮೂರು ಕೆಜಿ ದಾಟಿದರೆ ವಿಮಾನದವರು ದಂಡ ಹಾಕ್ತಾರೆ. ಅಪ್ಪ ಸೂಟ್‌ಕೇಸನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು, ನನ್ನನ್ನು ಹಿಂದೆ ಕೂರಿಸಿಕೊಂಡು, ರಾಯಲ್ಪಾಡು ಕಡೆಯ ಒಂದು ಮಾವಿನ ಮಂಡಿಗೆ ಹೋದರು. ನಮ್ಮ ತೋಟದ ಕಾಯಿ ಪ್ರತಿವರ್ಷ ಹೋಗೋದೂ ಅಲ್ಲಿಗೇ.

ಕಾಟಾ ಮೇಲೆ ಇಟ್ಟೆ. ಇಪ್ಪತ್ತೊಂದು ತೋರಿಸ್ತು.

"ಇನ್ನೆರಡು ಕೆಜಿ ಉಪ್ಪಿನಕಾಯಿ ಹಿಡಿಯುತ್ತೆ," ಅಂತ ಅಪ್ಪ ಖುಷಿಪಟ್ಟರು.

ಮಂಡಿ ಯಜಮಾನರು ನನ್ನನ್ನು ಚಿಕ್ಕವಳಿದ್ದಾಗಿನಿಂದ ನೋಡಿದೋರು. ಗಾಬರಿಯಿಂದ ಎದ್ದು ಓಡಿಬಂದರು. "ವದ್ದಮ್ಮಾ, ಬೇಡ ಬೇಡ, ಇದ್ರಲ್ಲಿ ತೂಗಬೇಡ! ಇದು ಕಾಯಿಗೆ ಅಂತ ಇಟ್ಟಿರೋದು. ಏರ್‌ಪೋರ್ಟಲ್ಲಿ ಜಾಸ್ತಿ ಬಂದು ನೀನು ಸಿಕ್ಕಿಹಾಕ್ಕೊಂಡ್ರೆ? ಒಳಗೆ ಸರಿಯಾದ್ದು ಇದೆ, ತರಿಸ್ತೀನಿ ಇರು."

ಅಷ್ಟು ವರ್ಷದ ನಮ್ಮ ಬೆಳೆಯೆಲ್ಲಾ ಆ ಕಾಟಾ ಮೇಲೇ ಹತ್ತಿ ಇಳಿದಿತ್ತು. ಅಪ್ಪ ಅದನ್ನೇ ದಿಟ್ಟಿಸ್ತಾ ನಿಂತುಬಿಟ್ಟರು.

ಒಳಗಿನ ಕಾಟಾ ಬಂತು. ಸೂಟ್‌ಕೇಸು ಇಪ್ಪತ್ನಾಲ್ಕು ಕೆಜಿ ಇತ್ತು.

"ಮತ್ತೆ ನಮ್ಮ ಕಾಯಿ?" ಅಂತ ಅಪ್ಪ ಮೆಲ್ಲಗೆ ಕೇಳಿದರು.

"ಅದು ವ್ಯಾಪಾರ ಅಣ್ಣಾ," ಅಂದರು ಯಜಮಾನರು, ಒಂದಿಷ್ಟೂ ಅಳುಕದೆ. "ಇದು ನಮ್ಮ ಮಗು ವಿಷಯ ಅಲ್ವಾ?" ಅಂದು ನಮಗೆ ಟೀ ಹೇಳಿದರು.

ಒಂದು ಕೆಜಿ ತೆಗೆದಿಟ್ಟೆ. ಏರ್‌ಪೋರ್ಟಿನಲ್ಲಿ ಸೂಟ್‌ಕೇಸು ಸರಿಯಾಗಿ ಇಪ್ಪತ್ಮೂರು ತೂಗಿತು. ಅವರ ಒಳಗಿನ ಕಾಟಾ ಒಂದು ಗ್ರಾಮೂ ಸುಳ್ಳು ಹೇಳಿರಲಿಲ್ಲ.